ಓಡಿಹೋದಳೋ, ಓಡಿಸಿದರೋ? ಊರ ಹಗರಣವನ್ನು ನಾಟಕ ಮಾಡುವ ಮುಂಚೆ

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಹದಿನಾಲ್ಕು ಜನರ ಹವ್ಯಾಸಿ ತಂಡ ಇದೆ. ಪ್ರತಿವರ್ಷ ಜಾತ್ರೆಗೆ ಯಾವುದಾದರೂ ಕಂಪನಿ ನಾಟಕದ ಪುಸ್ತಕ ತಂದು ಆಡುತ್ತಿದ್ದೆವು. ಈ ಸಲ ನಮ್ಮೂರದ್ದೇ ಕಥೆ ಬರೆದು ಆಡೋಣ ಅಂತ ಹೊರಟಿದ್ದೇವೆ. 1938ರ ಸುಮಾರಿಗೆ ಗುಡಿಯ ಬಂಗಾರ ಕಾಣೆಯಾಗಿತ್ತಂತೆ. ಪಂಚರಲ್ಲಿ ಹಿರಿಯರಾಗಿದ್ದವರ ಮೇಲೆ ಅನುಮಾನ ಬಂತು. ಅವರ ಮನೆಯಲ್ಲಿ ಕೆಲಸಕ್ಕಿದ್ದ ಹೆಣ್ಣುಮಗಳು ಒಂದು ರಾತ್ರಿ ಊರು ಬಿಟ್ಟು ಓಡಿಹೋದಳು. ಕೇಸು ಆಯಿತು, ಏನೂ ಸಾಬೀತಾಗಲಿಲ್ಲ. ಆ ಹಿರಿಯರ ಮೊಮ್ಮಕ್ಕಳು ಊರಲ್ಲೇ ಇದ್ದಾರೆ. ಪ್ರತಿವರ್ಷ ನಾಟಕಕ್ಕೆ ದೇಣಿಗೆಯನ್ನೂ ಕೊಡುತ್ತಾರೆ. ಹೆಸರು ಬದಲಾಯಿಸಿದರೆ ಸಾಕೇ? ಅವರ ಒಪ್ಪಿಗೆ ಬೇಕೇ? "ಕಥೆ ಕಾಲ್ಪನಿಕ" ಅಂತ ಮೈಕಿನಲ್ಲಿ ಹೇಳಿದರೆ ಕೇಸು ಬೀಳುವುದಿಲ್ಲ ಅಂತಾರೆ, ನಿಜವೇ? ಆ ಕಾಲದ ಬಟ್ಟೆ ಬಾಡಿಗೆಗೆ ಎಲ್ಲಿ ತರುವುದು?

ಉತ್ತರ: ಬಟ್ಟೆಯ ವಿಷಯ ಕೊನೆಗೆ ಹೇಳುತ್ತೇನೆ. ಮೊದಲು ನಿಮ್ಮ ಪತ್ರದ ಒಂದು ಮಾತು ಹಿಡಿದುಕೊಳ್ಳುತ್ತೇನೆ. ಆ ಹೆಣ್ಣುಮಗಳು "ಓಡಿಹೋದಳು" ಅಂತ ಬರೆದಿದ್ದೀರಿ. ಓಡಿಹೋದಳೋ, ಓಡಿಸಿದರೋ? ನೋಡಿದವರು ಯಾರು? ನೀವೇನೂ ಬೇಕಂತ ಬರೆದದ್ದಲ್ಲ. ಎಂಬತ್ತು ವರ್ಷದಿಂದ ಊರು ಹಾಗೇ ಹೇಳಿಕೊಂಡು ಬಂದಿದೆ, ನಿಮ್ಮ ಪೆನ್ನಿಗೂ ಹಾಗೇ ಬಂತು. ಬಂಗಾರ ಯಾರು ತಗೊಂಡರು ಅನ್ನೋದು ಇನ್ನು ಗೊತ್ತಾಗುವ ಮಾತಲ್ಲ. ಆದರೆ "ಓಡಿಹೋದಳು" ಅನ್ನೋ ಮಾತು ಎಲ್ಲಿಂದ ಹೊರಟಿತು ಅಂತ ಹುಡುಕಬಹುದು. ನಿಮ್ಮ ನಾಟಕ ಇರೋದು ಅಲ್ಲಿ ಅಂತ ನನಗನ್ನಿಸುತ್ತದೆ.

ನನಗೆ ಇದು ಗೊತ್ತಾಗಿದ್ದು ಒಂದು ತಾಲೀಮಿನಲ್ಲಿ. ಹದಿನೈದು ವರ್ಷದ ಹಿಂದೆ ಗದಗ ಕಡೆಯ ಒಂದು ಹಳ್ಳಿಯಲ್ಲಿ ಇಂಥದೇ ನಾಟಕ ಮಾಡಿಸುತ್ತಿದ್ದೆ. ಸಾವುಕಾರರ ಮನೆಯ ಸೊಸೆ ಬಾವಿಗೆ ಬಿದ್ದು ಸತ್ತ ಹಳೇ ಕಥೆ. ತಾಲೀಮು ಸೊಸೈಟಿಯ ಗೋದಾಮಿನಲ್ಲಿ. ಒಂದು ಕಡೆ ಗೊಬ್ಬರದ ಚೀಲ, ಇನ್ನೊಂದು ಕಡೆ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುವ ಮಾಸ್ತರರು. ದಿನಾ ಸಂಜೆ ಒಬ್ಬ ಅಜ್ಜಿ ಬಂದು ಬಾಗಿಲ ಹತ್ತಿರ ಕೂರುತ್ತಿದ್ದರು. ಮೊಮ್ಮಗನ ಪಾರ್ಟು ನೋಡೋಕೆ ಬರ್ತಾರೆ ಅಂದುಕೊಂಡಿದ್ದೆ. ನಾಲ್ಕನೇ ದಿನ ಆಳಿನ ಪಾರ್ಟಿನ ಹುಡುಗ ಓಡಿಬಂದು, "ಸಣ್ಣವ್ವ ಬಾವಿ ಹಾರ್ಯಾಳ್ರೀ" ಅಂದ. ಅಜ್ಜಿ ಕೂತಲ್ಲಿಂದಲೇ ಹೇಳಿದರು: "ಹಾರಿಲ್ಲೋ ತಮ್ಮಾ. ಜಾರ್ಯಾಳ."

ಪೇಟಿ ನಿಂತಿತು. ಆ ಅಜ್ಜಿ ಸತ್ತವಳ ತಂಗಿಯ ಮಗಳು. ಅಂದರೆ ತವರಿನ ಕಡೆಯವರು. ಗಂಡನ ಮನೆಯವರ ಮೇಲೆ ಸಿಟ್ಟಿರಬೇಕಾದವರೇ ಈ ಮಾತು ಹೇಳಿದ್ದು. ಮೆಟ್ಟಿಲು ಪಾಚಿಗಟ್ಟಿತ್ತಂತೆ. ಹೆಣದ ಜೊತೆ ಕೊಡವೂ ಸಿಕ್ಕಿತ್ತಂತೆ. "ಸಾಯಾಕ ಹೋಗಾಕಿ ಕೊಡ ಯಾಕ ಒಯ್ತಾಳ?" ಅಂತ ಕೇಳಿದರು. ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಒಂದೇ ಅಕ್ಷರದ ವ್ಯತ್ಯಾಸ ನೋಡಿ. 'ಹಾ' ಅಂದರೆ ಮನೆಯವರು ಕೊಂದ ಹಾಗೆ. 'ಜಾ' ಅಂದರೆ ಯಾರದೂ ತಪ್ಪಿಲ್ಲ. ಆ ಒಂದು ಅಕ್ಷರಕ್ಕೆ ಎಷ್ಟೋ ವರ್ಷ ಆ ಮನೆಗೆ ಸುತ್ತಲಿನ ಊರಿನವರು ಹೆಣ್ಣು ಕೊಡಲಿಲ್ಲ. ಅಜ್ಜಿ ಹೇಳಿದ್ದೇ ನಿಜ ಅಂತಲೂ ನಾನು ಹೇಳಲಾರೆ. ಅವರೂ ಕಣ್ಣಾರೆ ಕಂಡವರಲ್ಲ, ಅವ್ವ ಹೇಳಿದ್ದು ಕೇಳಿದವರು. ಅದಕ್ಕೆ ಎರಡನ್ನೂ ನಾಟಕದಲ್ಲಿ ಇಟ್ಟೆವು. ಊರ ಬಾಗಿಲ ಅಗಸಿ ಕಟ್ಟೆಯ ಮೇಲೆ ಇಬ್ಬರು ಕೂತು "ಹಾರಿದಳು", "ಜಾರಿದಳು" ಅಂತ ಜಗಳ ಆಡ್ತಾರೆ. ನಾಟಕ ಮುಗಿದರೂ ಜಗಳ ಮುಗಿಯಲಿಲ್ಲ. ಮರುದಿನ ನಿಜವಾದ ಅಗಸಿ ಕಟ್ಟೆಯ ಮೇಲೂ ಅದೇ ಜಗಳ ನಡೀತಿತ್ತು ಅಂತ ಕೇಳಿದೆ.

ಊರ ಹಗರಣ ನಾಟಕವಾಗೋದು ನಮ್ಮ ಕಡೆ ಹೊಸದಲ್ಲ. ಬೈಲಹೊಂಗಲದಲ್ಲಿ ನಡೆದ ಕೊಲೆಯ ಘಟನೆಯೇ 'ಸಂಗ್ಯಾ ಬಾಳ್ಯಾ' ಅನ್ನೋ ಸಣ್ಣಾಟ, ಅಂದರೆ ಜಾನಪದ ನಾಟಕವಾಯಿತು. ಲಾವಣಿಯಾಗಿಯೂ ಅದನ್ನು ಹಾಡಿದರು. ಜೆ.ಎಫ್. ಫ್ಲೀಟ್ ಈ ಭಾಗದಲ್ಲಿ ಅಧಿಕಾರಿಯಾಗಿದ್ದಾಗ ಲಾವಣಿಗಳನ್ನು ಸಂಗ್ರಹಿಸಿ 1880ರ ದಶಕದಲ್ಲಿ ಅಚ್ಚು ಹಾಕಿಸಿದರು. ಸಂಗೊಳ್ಳಿ ರಾಯಣ್ಣ, ಹಲಗಲಿ ಬೇಡರ ಜೊತೆಗೆ ಸಂಗ್ಯಾನ ಕಥೆಯೂ ಅಲ್ಲಿದೆ. ಬ್ರಿಟಿಷರ ವಿರುದ್ಧದ ದಂಗೆ, ಪಕ್ಕದ ಓಣಿಯ ಕೊಲೆ, ಎರಡನ್ನೂ ನಮ್ಮ ಜನ ಒಂದೇ ದಪ್ಪಿನ ಬಡಿತಕ್ಕೆ ಹಾಡಿದ್ದಾರೆ.

ಸಂಗ್ಯಾ ಬಾಳ್ಯಾ ಇವತ್ತಿಗೂ ಯಾಕೆ ಓಡುತ್ತೆ? ಅಲ್ಲಿ ಯಾರಿಗೂ ಮೀಸೆ ತಿರುವಿ ಹ್ಹಹ್ಹಹ್ಹಾ ಅಂತ ನಗುವ ಕೆಲಸ ಕೊಟ್ಟಿಲ್ಲ. ಸಂಗ್ಯಾ ಬೇರೆಯವರ ಹೆಂಡತಿ ಗಂಗಿಯ ಮೇಲೆ ಕಣ್ಣು ಹಾಕಿದವನು, ಆದರೂ ಅವನು ಸಾಯುವಾಗ ಜನ ಕಣ್ಣೊರೆಸಿಕೊಳ್ತಾರೆ. ಬಾಳ್ಯಾ ಜೀವದ ಗೆಳೆಯನೂ ಹೌದು, ಗೆಳೆಯನಿಗೆ ಎರಡು ಬಗೆದವನೂ ಹೌದು. ಗಂಗಿಯ ಗಂಡ ಈರಣ್ಣನಿಗೆ ಅನ್ಯಾಯವಾಯಿತು, ಅವನೇ ಕೊಲೆಗೂ ನಿಂತ.

ಕಂಪನಿ ನಾಟಕದ ಅಚ್ಚು ಬೇರೆ. 1870ರ ದಶಕದಲ್ಲಿ ಶಾಂತಕವಿಗಳು ಗದಗದಲ್ಲಿ ಮಂಡಳಿ ಕಟ್ಟಿದಾಗ ಆಡಿದ್ದು ಪುರಾಣದ ಕಥೆ. ಸಾಮಾಜಿಕ ನಾಟಕ ಆಮೇಲೆ ಬಂತು, ಆದರೆ ದೇವ-ದಾನವರ ಲೆಕ್ಕ ಹೋಗಲಿಲ್ಲ. ಖಳನಾಯಕ ಒಬ್ಬ ಬೇಕು, ಕಾಮಿಡಿ ಜೋಡಿ ಬೇಕು, ಕೊನೆಗೆ ಪೊಲೀಸ್ ಬರಬೇಕು. ನಿಮ್ಮ ತಂಡಕ್ಕೆ ಅದು ರೂಢಿ. ಹಂಗಾಗಿ ಬರೆಯೋಕೆ ಕೂತರೆ ಆ ಪಂಚರ ಹಿರಿಯರು ತಾನಾಗೇ ಖಳನಾಯಕ ಆಗಿಬಿಡ್ತಾರೆ. ಸಾಬೀತಾಗದ ಕಥೆಯನ್ನು ಆ ಅಚ್ಚಿಗೆ ಹಾಕಿದರೆ ನಾಟಕವೂ ಕೆಡುತ್ತೆ, ಊರೂ ಕೆಡುತ್ತೆ.

ಹೆಸರಿನ ವಿಷಯಕ್ಕೆ ಬರೋಣ. ಹೆಸರು ಬದಲಾಯಿಸಿ. ಬದಲಾಯಿಸಿದರೆ ಸಾಕು ಅಂತ ಮಾತ್ರ ಅಂದುಕೋಬೇಡಿ. ನಮ್ಮ ಕಡೆ ಮನುಷ್ಯನ ಗುರುತು ಅಡ್ಡಹೆಸರಲ್ಲಿ, ಅಂದರೆ ಮನೆತನದ ಹೆಸರಲ್ಲಿದೆ. ನಾನೇ ಒಮ್ಮೆ ಎಡವಿದ್ದೇನೆ. ಬಾಲಪ್ಪನನ್ನು ಮಲ್ಲಪ್ಪ ಮಾಡಿ, ಅಡ್ಡಹೆಸರನ್ನೂ ಬದಲಾಯಿಸಿ, ಸುಮ್ನೆ ತೋಚಿದ್ದು 'ಮೆಣಸಿನಕಾಯಿ' ಅಂತ ಇಟ್ಟೆವು. ನಾಟಕ ಮುಗಿದ ಮೇಲೆ ಪಕ್ಕದೂರಿನ ಮೆಣಸಿನಕಾಯಿಯವರು ನಾಲ್ಕು ಬೈಕಲ್ಲಿ ಬಂದರು. ನಮ್ಮ ಮುತ್ತಜ್ಜ ಯಾವಾಗ ಕದ್ದಿದ್ದು ಅಂತ. ಅಂಗಡಿ, ಬೆಲ್ಲದ, ಉಳ್ಳಾಗಡ್ಡಿ, ಏನೇ ಇಟ್ಟರೂ ಹತ್ತು ಮೈಲಿಯೊಳಗೆ ಆ ಮನೆತನ ಇದ್ದೇ ಇರುತ್ತೆ. ಈಗ ನಾನು ಅಡ್ಡಹೆಸರನ್ನೇ ಬಿಟ್ಟುಬಿಡ್ತೇನೆ. 'ಹಿರೇಪಂಚರು', 'ಗೌಡರು', 'ಕುಲಕರ್ಣಿಯವರು', 'ಮಾಸ್ತರು' ಅಂತ ಹುದ್ದೆಯಿಂದ ಕರೀತೇನೆ. ಆ ಕಾಲದಲ್ಲಿ ಕರೀತಿದ್ದದ್ದೂ ಹಾಗೇ ಅಲ್ವಾ? ಮನೆಯ ಗುರುತು, ಜಾತಿಯ ಗುರುತು, ಕುಂಟೋದು, ಉಗ್ಗೋದು, ಎಲ್ಲವನ್ನೂ ತೆಗೆಯಿರಿ. ಹೆಸರು ಮುಚ್ಚಿಟ್ಟು ನಡಿಗೆಯನ್ನು ಅಣಕಿಸಿದರೆ ಮುಚ್ಚಿಟ್ಟು ಏನು ಬಂತು?

"ಕಥೆ ಕಾಲ್ಪನಿಕ" ಅನ್ನೋ ಮೈಕಿನ ಮಾತು ನಿಮ್ಮನ್ನು ಕಾಯುವುದಿಲ್ಲ. ಅದರಲ್ಲೂ ಹ್ಯಾಂಡ್‌ಬಿಲ್ಲಿನಲ್ಲಿ "ನಮ್ಮೂರ ಸತ್ಯಕಥೆ ಅರ್ಥಾತ್ ದೇವರ ಬಂಗಾರ ನುಂಗಿದವರು" ಅಂತ ಅಚ್ಚು ಹಾಕಿಸಿ, ಪರದೆ ಏಳುವ ಮುಂಚೆ ಎಲ್ಲಾ ಕಾಲ್ಪನಿಕ ಅಂದರೆ ನ್ಯಾಯಾಧೀಶರೂ ನಗ್ತಾರೆ. ಈಗ ಮಾನಹಾನಿ ಬರೋದು ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿ. 2024ರ ಜುಲೈ 1ಕ್ಕೆ ಮೊದಲು ಇದೇ ಐಪಿಸಿ 499, 500 ಆಗಿತ್ತು. ಸತ್ತವರ ಬಗ್ಗೆ ಏನು ಹೇಳಿದರೂ ನಡೆಯುತ್ತೆ ಅಂತ ಜಾಸ್ತಿ ಜನ ತಿಳಿದಿದ್ದಾರೆ. ಹಾಗಿಲ್ಲ. ಬದುಕಿದ್ದರೆ ಅವರ ಹೆಸರು ಕೆಡಿಸುವಂಥ ಮಾತಾಗಿದ್ದು, ಮನೆಯವರ ಮನಸ್ಸು ನೋಯಿಸುವ ಉದ್ದೇಶವೂ ಇದ್ದರೆ, ಅದೂ ಮಾನಹಾನಿಯೇ. ಎರಡು ವರ್ಷದವರೆಗೆ ಸಾದಾ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ, ಇಲ್ಲವೇ ಸಮುದಾಯ ಸೇವೆ. ಸತ್ಯವಾದದ್ದನ್ನು ಸಾರ್ವಜನಿಕ ಹಿತಕ್ಕಾಗಿ ಹೇಳಿದರೆ ವಿನಾಯಿತಿ ಇದೆ. ಆದರೆ ನಿಮ್ಮ ಕೇಸಿನಲ್ಲಿ "ಏನೂ ಸಾಬೀತಾಗಲಿಲ್ಲ" ಅಂತ ನೀವೇ ಬರೆದಿದ್ದೀರಿ. ಹಂಗಾಗಿ ಅವರು ಬಂಗಾರ ಗಂಟು ಕಟ್ಟುವ ದೃಶ್ಯ ಬರೆಯಲೇಬೇಡಿ. ಅನುಮಾನ ಪಟ್ಟರು, ಪಂಚಾಯ್ತಿ ಸೇರಿತು, ಕೇಸಾಯಿತು ಅಂತ ತೋರಿಸಿ. ಅದು ನಡೆದದ್ದು. ಬರೆದಾದ ಮೇಲೆ ನಿಮ್ಮ ತಾಲ್ಲೂಕಿನ ಒಬ್ಬ ವಕೀಲರಿಗೆ ಒಮ್ಮೆ ಓದಿಸಿ.

ಒಪ್ಪಿಗೆ ಬೇಕೇ? ನನ್ನ ಲೆಕ್ಕದಲ್ಲಿ ಒಪ್ಪಿಗೆ ಬೇಡ, ತಿಳಿಸೋದು ಬೇಕು. ಎರಡೂ ಒಂದೇ ಅಲ್ಲ. "ಮಾಡಲೇ?" ಅಂತ ಕೇಳಿದರೆ ಅವರು ಬೇಡ ಅಂತಾರೆ, ನಾನಾದರೂ ಹಾಗೇ ಅಂತಿದ್ದೆ. "ಮಾಡ್ತಿದ್ದೇವೆ, ನಿಮ್ಮ ಮನೆಯಲ್ಲಿ ಈ ಕಥೆ ಹೇಗೆ ಹೇಳ್ತಾರೆ?" ಅಂತ ಕೇಳಿ. ಬರೆದು ಮುಗಿಸಿದ ಮೇಲೆ ಹೋಗಬೇಡಿ, ಅರ್ಧ ಬರೆದಾಗ ಹೋಗಿ. ಹುಡುಗರು ಗುಂಪು ಕಟ್ಟಿಕೊಂಡು ಹೋಗೋದು ಬೇಡ. ಬರೆಯುವವರು ಒಬ್ಬರು, ಊರ ಹಿರಿಯರು ಒಬ್ಬರು ಸಾಕು. ಅವರ ಮನೆ ಪಡಸಾಲೆಯಲ್ಲಿ ಕೂತು ಕೇಳಿ. ಮೊದಲ ಚಹಾಕ್ಕೆ ಏನೂ ಹೇಳಲ್ಲ. ಎರಡನೇ ಸಲ ಹೋದಾಗ ಹೇಳ್ತಾರೆ. ಆಪಾದನೆ ಹೊತ್ತ ಮನೆಯೊಳಗೆ ಎಂಬತ್ತು ವರ್ಷ ಆ ಕಥೆ ಹೇಗೆ ಉಳಿದಿದೆ ಅನ್ನೋದು ಊರಲ್ಲಿ ಬೇರೆ ಯಾರ ಹತ್ತಿರವೂ ಸಿಗುವ ಸರಕಲ್ಲ. ಬೇಕಾದರೆ ಓದಿ ಹೇಳಿ, ಪೆನ್ನು ಮಾತ್ರ ಕೊಡಬೇಡಿ. ಹೋಗಿ ಬಂದ ತಾರೀಖು, ಆಡಿದ ಮಾತು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನೋಯಿಸುವ ಉದ್ದೇಶ ಇರಲಿಲ್ಲ ಅಂತ ಹೇಳುವ ಪ್ರಸಂಗ ಬಂದರೆ ಅದು ಮೈಕಿನ ಮಾತಿಗಿಂತ ಗಟ್ಟಿ.

ಆ ಹಿರಿಯರ ಸ್ವಂತ ಮಗನೋ ಮಗಳೋ ಬದುಕಿದ್ದು ಬೇಡ ಅಂದರೆ ನಾನು ಕಾಯ್ತೇನೆ. ಮೊಮ್ಮಕ್ಕಳು ಬೇಡ ಅಂದರೆ ಮುಂದುವರೀತೇನೆ. ಇದು ಕಾನೂನಲ್ಲ, ನನ್ನ ಗೆರೆ. ನಿಮ್ಮದು ಬೇರೆ ಇರಬಹುದು.

ಮತ್ತೆ ಈ ವರ್ಷ ಅವರ ದೇಣಿಗೆ ತಗೋಬೇಡಿ. ತಗೊಂಡರೆ ನಿಮ್ಮ ಕೈ ಸಡಿಲಾಗುತ್ತೆ. ಸಡಿಲಾಗದಿದ್ದರೆ ಅವರಿಗೆ ಮೋಸ ಹೋದ ಹಾಗೆ ಅನಿಸುತ್ತೆ. ದಾನಿಗಳ ಪಟ್ಟಿಯಲ್ಲಿ ಹೆಸರು ಕೇಳಿದ ಐದು ನಿಮಿಷಕ್ಕೆ ತಮ್ಮ ಅಜ್ಜನ ಕಥೆ ಸ್ಟೇಜಿನ ಮೇಲೆ ನೋಡೋದು ಯಾರಿಗೂ ಬೇಡ.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ಪ್ರಶ್ನೆ ಇದೆ. ಆ ಹೆಣ್ಣುಮಗಳ ಕಡೆಯವರು ಎಲ್ಲಿ? ಪಂಚರ ಮೊಮ್ಮಕ್ಕಳ ಬಗ್ಗೆ ಇಷ್ಟು ಯೋಚನೆ ಮಾಡಿದ್ದೀರಿ, ಒಳ್ಳೇದೇ. ಅವರು ದೇಣಿಗೆ ಕೊಡ್ತಾರೆ, ಕಣ್ಣಿಗೆ ಕಾಣ್ತಾರೆ. ಊರು ಬಿಟ್ಟವಳಿಗೂ ಒಂದು ತವರು ಇತ್ತು. ಅಣ್ಣನ ಮಕ್ಕಳೋ ತಂಗಿಯ ಮಕ್ಕಳೋ ಎಲ್ಲೋ ಇರ್ತಾರೆ. ಅವರನ್ನೂ ಹುಡುಕಿ. ಸಿಗದಿದ್ದರೆ, ಸಿಗಲಿಲ್ಲ ಅನ್ನೋದನ್ನೂ ನಾಟಕದಲ್ಲಿ ಹೇಳಿ.

ಕಾಗದಪತ್ರದ ಹುಡುಕಾಟ ಹಾವೇರಿಯಲ್ಲಿ ಶುರು ಮಾಡಬೇಡಿ. 1956ರ ನವೆಂಬರ್ 1ರವರೆಗೆ ನಾವು ಮುಂಬೈ ಆಡಳಿತದಲ್ಲಿದ್ದೆವು. ಹಾವೇರಿ, ಗದಗ ಬೇರೆ ಜಿಲ್ಲೆಯಾದದ್ದು 1997ರಲ್ಲಿ. 1938ರ ಜಾಡು ಸಿಕ್ಕರೆ ಧಾರವಾಡದಲ್ಲೇ ಸಿಗಬೇಕು. ಜಿಲ್ಲಾ ನ್ಯಾಯಾಲಯದ ರೆಕಾರ್ಡ್ ರೂಮು, ರಾಜ್ಯ ಪತ್ರಾಗಾರದ ಧಾರವಾಡ ಕಚೇರಿ, ಎರಡೂ ಕಡೆ ಕೇಳಿ. ಹಳೇ ಕ್ರಿಮಿನಲ್ ಕಡತಗಳನ್ನು ಇಂತಿಷ್ಟು ವರ್ಷವಾದ ಮೇಲೆ ನಾಶ ಮಾಡುವ ಪದ್ಧತಿ ಇದೆ, ಹಂಗಾಗಿ ಬರಿಗೈಲಿ ಬಂದರೆ ಬೇಜಾರಾಗಬೇಡಿ. ನಿಮ್ಮೂರು ಆಗ ಸವಣೂರು ನವಾಬರ ಸೀಮೆಯಲ್ಲಿದ್ದರೆ ದಾರಿಯೇ ಬೇರೆ. ಈ ಕಡೆ ಸಂಸ್ಥಾನಗಳ ತುಂಡುಗಳು ಬಹಳ. ಶಿರಹಟ್ಟಿ ಸಾಂಗಲಿಯವರದು, ಲಕ್ಷ್ಮೇಶ್ವರ ಮೀರಜಿನವರದು, ಕುಂದಗೋಳ ಜಮಖಂಡಿಯವರದು. 'ಸಂಯುಕ್ತ ಕರ್ನಾಟಕ', 'ಕರ್ಮವೀರ' ಆಗಲೇ ಬರುತ್ತಿದ್ದವು. ಗುಡಿ ಕಳವು ಅಂದರೆ ನಾಲ್ಕು ಸಾಲಿನ ಸುದ್ದಿಯಾದರೂ ಬಂದಿರಬಹುದು. ನಿಮ್ಮೂರ ಕುಲಕರ್ಣಿ ಮನೆತನದವರ ಅಟ್ಟದ ಮೇಲೆ ದಫ್ತರದ ಗಂಟು ಇದೆಯೇ ಅಂತಲೂ ವಿಚಾರಿಸಿ.

ಸಿಕ್ಕರೆ ಕಳ್ಳನ ಹೆಸರು ಹುಡುಕಬೇಡಿ. ತಾರೀಖು ನೋಡಿ. ಬಂಗಾರ ಇಲ್ಲ ಅಂತ ಗೊತ್ತಾಗಿದ್ದು ಯಾವತ್ತು, ಫಿರ್ಯಾದಿ ಕೊಟ್ಟದ್ದು ಯಾವತ್ತು, ಅವಳು ಊರು ಬಿಟ್ಟದ್ದು ಯಾವತ್ತು. ಬಾಯಿಮಾತಿನ ಕಥೆಯಲ್ಲಿ ಈ ಮೂರು ದಿನ ಒಂದೇ ರಾತ್ರಿ ಆಗಿಬಿಟ್ಟಿರುತ್ತೆ. ಅವಳು ಹೋಗಿದ್ದು ಕಳವಿಗೆ ಆರು ತಿಂಗಳು ಮುಂಚೆ ಅಂತ ಗೊತ್ತಾದರೆ? ನಿಮ್ಮ ಇಡೀ ನಾಟಕ ತಿರುಗಿ ಕೂರುತ್ತೆ.

ಏನೂ ಸಿಗದಿದ್ದರೂ ನಾಟಕ ನಿಲ್ಲಬೇಕಿಲ್ಲ. ನಮ್ಮ ದೊಡ್ಡಾಟದಲ್ಲಿ ಸಾರಥಿ ಇರ್ತಾನಲ್ಲ, ಪಾತ್ರ ರಂಗಕ್ಕೆ ಬಂದ ಕೂಡಲೇ ಮಾತಿಗೆಳೆದು ಯಾರು, ಎಲ್ಲಿಂದ ಬಂದಿರಿ ಅಂತ ವಿಚಾರಿಸುವವನು. ಅವನನ್ನು ಕರೆತನ್ನಿ. ನಿಮ್ಮ ಸಾರಥಿ ಕೇಳೋದು ಒಂದೇ ಪ್ರಶ್ನೆ: "ನಿಮಗ ಯಾರು ಹೇಳಿದ್ರು?" ಚಹಾದಂಗಡಿಯವನು ಬರ್ತಾನೆ, ಆ ಹೆಣ್ಣುಮಗಳ ಕೈಯಲ್ಲಿ ಗಂಟಿತ್ತು ಅಂತಾನೆ. ಯಾರು ಹೇಳಿದ್ರು? ಗಾಡಿ ಹೊಡೆಯೋನು. ಗಾಡಿ ಹೊಡೆಯೋನನ್ನು ಕರೀರಿ. ಅವನಿಗೆ ಯಾರು ಹೇಳಿದ್ರು? ಹೀಗೆ ಒಂದೊಂದೇ ಕೊಂಡಿ ಹಿಡಿದು ಹೋದರೆ ಕೊನೆಗೆ ಮತ್ತೆ ಚಹಾದಂಗಡಿಗೇ ಬಂದು ನಿಲ್ಲಬಹುದು. ಜನ ನಗ್ತಾರೆ. ನಗುತ್ತಾ ನಗುತ್ತಾ ಪಕ್ಕದಲ್ಲಿ ಕೂತವರ ಮುಖ ನೋಡ್ತಾರೆ. ಈ ದೃಶ್ಯಕ್ಕೆ ಸೀನರಿ ಬೇಡ, ಕಂಬಳಿ ಹಾಸಿದರೆ ಸಾಕು.

ಆ ಹೆಣ್ಣಿನ ಪಾತ್ರಕ್ಕೆ ನಟಿಯನ್ನು ಹೊರಗಿನಿಂದ ಕರೆಸುತ್ತೀರಿ ಅಂದುಕೊಳ್ತೇನೆ. ಸಾಮಾನ್ಯವಾಗಿ ಅವರು ಬರೋದು ನಾಟಕದ ಹಿಂದಿನ ದಿನ, ಒಂದು ಗ್ರ್ಯಾಂಡ್ ರಿಹರ್ಸಲ್, ಮುಗೀತು. ಇದಕ್ಕೆ ಹಾಗೆ ಮಾಡಬೇಡಿ. ನಾಲ್ಕು ದಿನ ಮುಂಚೆ ಕರೆಸಿ, ಅದಕ್ಕೆ ತಕ್ಕ ದುಡ್ಡು ಕೊಡಿ. ನಿಮ್ಮ ಹದಿನಾಲ್ಕು ಜನರಿಗಿಂತ ಅವರಿಗೆ ರಂಗದ ಅನುಭವ ಜಾಸ್ತಿ. ಊರು ಆಡುವ ಮಾತು ಅಂದರೆ ಏನು ಅಂತಲೂ ಅವರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. ನಡುವೆ ಡಾನ್ಸ್ ಇಡಬೇಡಿ. ಆಹೇರಿ, ಅಂದರೆ ನೋಡುಗರು ಕೊಟ್ಟ ಉಡುಗೊರೆ, ಕೂಗೋದನ್ನು ಆ ಪಾತ್ರ ರಂಗದ ಮೇಲಿದ್ದಾಗ ನಿಲ್ಲಿಸಿ. ದುಃಖದ ಮಾತಿನ ನಡುವೆ "ಇಂಥವರಿಂದ ನೂರಾ ಒಂದು ರೂಪಾಯಿ" ಅಂತ ಬಂದರೆ ಕೆಲಸ ಕೆಟ್ಟಿತು. ನನ್ನ ಮಾತು ಕೇಳಿದರೆ, ಪಂಚರ ಮನೆಯ ಕತ್ತಲ ಕೋಣೆಯಲ್ಲಿ ಏನಾಯ್ತು ಅನ್ನೋದನ್ನೂ ಬರೆಯಬೇಡಿ. ಶಿಳ್ಳೆ ಬೀಳುವುದು ಅಲ್ಲಿಗೇ.

ಹೊತ್ತಿನ ಬಗ್ಗೆ ಎರಡೇ ಮಾತು. ಬಯಲಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ವರ್ಷದಲ್ಲಿ ಕೆಲವು ದಿನ 12ರವರೆಗೆ ಸರ್ಕಾರ ಸಡಿಲಿಕೆ ಕೊಡಬಹುದು, ಠಾಣೆಯಲ್ಲಿ ಮೊದಲೇ ಕೇಳಿ. ನಾಟಕ ಎರಡು ಗಂಟೆ ಸಾಕು, ಭಾಷಣ ಕಡಿಮೆ ಮಾಡಿ. ಮೊದಲ ಪ್ರಯೋಗ ಊರಲ್ಲೇ ಆಗಲಿ. ಧಾರವಾಡದ ಸೃಜನಾ ರಂಗಮಂದಿರದಲ್ಲೋ ಹುಬ್ಬಳ್ಳಿಯ ಸವಾಯಿ ಗಂಧರ್ವದಲ್ಲೋ ಆಡಿ ಚಪ್ಪಾಳೆ ತಗೊಂಡು ಆಮೇಲೆ ಊರಿಗೆ ತರಬೇಡಿ. ತಮ್ಮ ಕಥೆಯನ್ನು ಬೇರೆಯವರು ಮೊದಲು ನೋಡಿದರು ಅನ್ನೋ ಸಿಟ್ಟು ಎಲ್ಲದಕ್ಕಿಂತ ದೊಡ್ಡದು. ಬಿಡುವಿದ್ದರೆ ತಂಡದವರೆಲ್ಲ ಒಮ್ಮೆ ಹಾನಗಲ್ ತಾಲ್ಲೂಕಿನ ಶೇಷಗಿರಿಗೆ ಹೋಗಿ ಒಂದು ನಾಟಕ ನೋಡಿ ಬನ್ನಿ. ಸಣ್ಣ ಹಳ್ಳಿ, ತನ್ನದೇ ರಂಗ ಮಾಡಿಕೊಂಡಿದೆ. ಸೀನರಿ ಇಲ್ಲದೆ ಎಷ್ಟು ಮಾಡಬಹುದು ಅಂತ ಗೊತ್ತಾಗುತ್ತೆ.

ಈಗ ಬಟ್ಟೆ. ಬಾಡಿಗೆ ಅಂಗಡಿಗೆ ಹೋಗಲೇಬೇಡಿ. ಅಲ್ಲಿ ಸಿಗೋದು ರಾಜರ ಜರಿ ಅಂಗಿ, ಪೊಲೀಸ್ ಡ್ರೆಸ್ಸು. 1938ರ ಬಟ್ಟೆ ನಿಮ್ಮೂರ ಟ್ರಂಕುಗಳಲ್ಲಿದೆ. ಮನೆಮನೆಗೆ ಹೋಗಿ ಕೇಳಿ. ರುಮಾಲು, ಕರಿ ಟೊಪ್ಪಿಗೆ, ಗುಳೇದಗುಡ್ಡದ ಖಣದ ಕುಬಸ, ಇಳಕಲ್ ಸೀರೆ ಹೊರಗೆ ಬರ್ತವೆ. ಸೀರೆಯ ಜೊತೆ ಒಂದೊಂದು ಮಾತೂ ಬರುತ್ತೆ. ಆ ಗೋದಾಮಿನ ಅಜ್ಜಿ ನಾಟಕದ ರಾತ್ರಿ ಮುಂದಿನ ಸಾಲಲ್ಲೇ ಕೂತು ಪೂರಾ ನೋಡಿದರು. ಮುಗಿದ ಮೇಲೆ ನಾನು ಹತ್ತಿರ ಹೋದೆ. ಹೇಗಿತ್ತು ಅಂತ ಕೇಳೋಕೆ ಧೈರ್ಯ ಬರಲಿಲ್ಲ, ಸುಮ್ಮನೆ ನಿಂತೆ. "ಆಕಿ ಕರಿ ಚಂದ್ರಕಾಳಿ ಸೀರಿ ಉಡ್ತಿದ್ದಿಲ್ಲ" ಅಂದರು. "ಹಸರು ಇಳಕಲ್ಲ. ನಮ್ಮವ್ವನ ಹಂತೇಕ ಅದರ ಸೆರಗಿನ ತುಂಡಿತ್ತು." ಎರಡನೇ ಪ್ರಯೋಗಕ್ಕೆ ಹಸಿರು ಸೀರೆ ಉಡಿಸಿದೆವು.